ಸೊರಬದ ಹೊಟ್ಟಿನ ಗುಂಡಿ

ಶನಿವಾರ ಬೆಳಿಗ್ಗೆ ಎಂಟಕ್ಕೆ ಶಿಕಾರಿಪುರ ಬಿಟ್ಟ ಬಸ್ಸು ಸೊರಬ ಮುಟ್ಟಿದಾಗ ಹನ್ನೊಂದಾಗಿತ್ತು. ಇಪ್ಪತ್ತೈದು ಮೈಲಿಗೆ ಅಷ್ಟು ಹೊತ್ತು ಹಿಡಿದದ್ದು ರಸ್ತೆಯಿಂದಲ್ಲ. ಶಿರಾಳಕೊಪ್ಪದಲ್ಲಿ ಉಪ್ಪಿಟ್ಟು ತಿನ್ನಲು ಇಳಿದ ಡ್ರೈವರು ಒಂದೂವರೆ ಗಂಟೆ ಹೋಟೆಲು ಬಿಟ್ಟು ಏಳಲಿಲ್ಲ. ಟಿಕೆಟ್ಟು ಒಂದು ರೂಪಾಯಿ. ಕಿಟಕಿಗೆ ಗಾಜಿಲ್ಲದ್ದರಿಂದ ಪುಷ್ಯದ ಚಳಿ ಪುಕ್ಕಟೆಯಾಗಿ ಸಿಕ್ಕಿತು.

ಸೊರಬದಲ್ಲಿ ನನ್ನ ಭಾವ ರುದ್ರಪ್ಪನವರು ಅಕ್ಕಿ ಗಿರಣಿ ನಡೆಸುತ್ತಾರೆ. ಎಷ್ಟೋ ವರ್ಷ ಅವರು ಭತ್ತದ ಹೊಟ್ಟನ್ನೂ ಒಲೆಯ ಬೂದಿಯನ್ನೂ ಹಿತ್ತಲಿನ ದೊಡ್ಡ ತಗ್ಗಿಗೆ ಸುರಿಸುತ್ತ ಬಂದಿದ್ದರು. ತಗ್ಗು ತುಂಬಿ ಗುಡ್ಡವಾಯಿತು. ಮಳೆಗೆ ಹೊಟ್ಟು ತೇಲಿ ಕೆಳಗಿನವರ ಗದ್ದೆಗೆ ಹರಿಯಿತು. ಸೋಮವಾರದೊಳಗೆ ತಗ್ಗು ಖಾಲಿಯಾಗದಿದ್ದರೆ ಗಿರಣಿ ನಿಲ್ಲಿಸಬೇಕೆಂದು ಪಂಚಾಯಿತಿಯಿಂದ ನೋಟೀಸು ಬಂತು. ‘ತಿಂಗಳಿಂದ ತೆಗೆಸುತ್ತಿದ್ದೇನೆ. ನೀನು ಸೈನ್ಸ್ ಮೇಷ್ಟ್ರು, ಇನ್ನೆಷ್ಟು ಗಾಡಿ ಉಳಿದಿದೆಯೆಂದು ಬಂದು ಅಳೆದುಕೊಡು’ ಎಂದು ಭಾವ ಕಾಗದ ಬರೆದಿದ್ದರು.

ಅಕ್ಕನ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಗಿರಣಿಗೆ ಹೋದೆ. ನೋಡಿ ನಿಜಕ್ಕೂ ಹೆಮ್ಮೆಯಾಯಿತು. ಭತ್ತ ಬೇಯಿಸುವ ಹಂಡೆಗಳ ಕೆಳಗೆ ಈಗ ಸೌದೆಯಿಲ್ಲ. ಊರ ಕಮ್ಮಾರರು ಮೆಟ್ಟಿಲು ಮೆಟ್ಟಿಲಾಗಿ ಕಬ್ಬಿಣದ ಪಟ್ಟಿ ಕೂಡಿಸಿದ ಒಲೆಯಲ್ಲಿ ಹೊಟ್ಟೇ ಉರಿಯುತ್ತಿತ್ತು. ಹಳೆಯ ಹೊಟ್ಟು ಗಾಡಿಗಳಲ್ಲಿ ಇಟ್ಟಿಗೆ ಭಟ್ಟಿಗೆ ಹೋಗುತ್ತಿತ್ತು. ತಣಿಸಿದ ಬೂದಿಯನ್ನು ಪಾತ್ರೆ ಬೆಳಗಲು ಬುಟ್ಟಿಗಟ್ಟಲೆ ಒಯ್ಯುತ್ತಿದ್ದರು. ಮನೆಯೆತ್ತರದ ಗುಡ್ಡ ಕರಗಿ ತಗ್ಗಿನ ಒಂದು ಮೂಲೆ ಮಾತ್ರ ಉಳಿದಿತ್ತು.

ಆ ಮೂಲೆಯ ಮೇಲೆ ಅಲ್ಲಲ್ಲಿ ಲಕ್ಕಿ ಸೊಪ್ಪಿನ ಕಡ್ಡಿ ನೆಟ್ಟಿದ್ದರು. ಗುಂಡಿಯ ಕೆಲಸ ನೋಡಿಕೊಳ್ಳುವ ದ್ಯಾಮಕ್ಕ ನೀರು ತರಲು ಬಾವಿಗೆ ಹೋಗಿದ್ದಳು. ದೃಷ್ಟಿಯಾಗದಿರಲೆಂದು ನೆಟ್ಟಿದ್ದಾರೆ ಎಂದುಕೊಂಡೆ. ಅಳತೆಯ ಹಗ್ಗಕ್ಕೆ ಅಡ್ಡ ಬರುತ್ತವೆಂದು ಕೈಗೆಟುಕಿದ ಅಂಚಿನ ಮೂರು ಕಡ್ಡಿ ಕಿತ್ತು ಬಿಸಾಡಿದೆ. ನಗು ಬಂದದ್ದೂ ನೆನಪಿದೆ.

“ಆ ಕಡೆ ತುದಿ ನಾನು ಹಿಡೀತೀನಿ ತಗೋ,” ಎಂದು ಅಷ್ಟರಲ್ಲಿ ಗಿರಣಿಯೊಳಗಿಂದ ಬಂದ ಭಾವ ಹಗ್ಗ ಹಿಡಿದು, ನಾನು ಕಡ್ಡಿ ಕಿತ್ತ ಅಂಚಿನಗುಂಟ ಹೊಟ್ಟಿನ ಮೇಲೆ ನಡೆದರು. ನಾಲ್ಕು ಹೆಜ್ಜೆ. ಐದನೆಯದಕ್ಕೆ ಬೂದಿಯ ಹೆಪ್ಪು ಒಡೆದು ಬಲಗಾಲು ತೊಡೆಯವರೆಗೂ ಇಳಿಯಿತು. ಹೊಗೆ ಬುಸ್ಸೆಂದಿತು. ಒಳಗೆ ಕೆಂಪಗೆ ಕೆಂಡ ಕಂಡಿತು. ನಾನು ಹಗ್ಗ ಹಿಡಿದೇ ನಿಂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಐದನೆಯ ಹೆಜ್ಜೆ ಕಾಣುತ್ತದೆ, ಪ್ರತಿ ಸಲವೂ ಕೂಗಬೇಕೆಂದುಕೊಳ್ಳುತ್ತೇನೆ.

ಕೂಗಿದವಳು ದ್ಯಾಮಕ್ಕ. “ಸಾವ್ಕಾರ್ರೇ, ಇನ್ನೊಂದು ಕಾಲು ಊರಬ್ಯಾಡಿ! ಹಿಂದಕ್ಕೆ ಬೀಳ್ರೀ, ಅಂಗಾತ ಬೀಳ್ರೀ!” ಎನ್ನುತ್ತ ಕೊಡ ಕೆಳಗಿಟ್ಟು ಓಡಿ ಬಂದಳು. ಭಾವ ಅಂಗಾತ ಬಿದ್ದರು. ಅವಳು ಒದ್ದೆ ಗೋಣಿಗಳನ್ನು ಹಾಸಿ, ಅವುಗಳ ಮೇಲೆ ಬೋರಲು ಬಿದ್ದು ತೆವಳಿ, ಅವರ ಎರಡೂ ಕಂಕುಳಿಗೆ ಕೈ ಹಾಕಿದಳು. ಗಾಡಿಯವರು ಅವಳ ಕಾಲು ಹಿಡಿದೆಳೆದರು. ಭಾವ ಹೊರಬಂದಾಗ ಮೊಣಕಾಲಿನ ಕೆಳಗೆ ಚರ್ಮ ಸುಲಿದಿತ್ತು.

ಡಾಕ್ಟರು ಕಟ್ಟು ಹಾಕಿ, ಕಾಲು ಉಳಿಯುತ್ತದೆ ಎಂದರು. ನಾನು ದ್ಯಾಮಕ್ಕನ ಹತ್ತಿರ ಹೋಗಿ ಕಡ್ಡಿ ಕಿತ್ತವನು ನಾನೇ ಎಂದೆ.

“ಎಂತಕ್ಕೆ ಕಿತ್ರಿ ಮೇಷ್ಟ್ರೇ?”

“ದೃಷ್ಟಿಗೆ ನೆಟ್ಟಿದ್ದೀರಿ ಅಂದ್ಕೊಂಡೆ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೊಟ್ಟಿನ ಗುಡ್ಡೆಗೆ ಯಾರ ದೃಷ್ಟಿ ತಾಗ್ತದೆ ಮಾರಾಯ್ರೆ? ಬೆಳಿಗ್ಗೆ ಬನ್ನಿ, ತೋರಿಸ್ತೀನಿ.”

ಭಾನುವಾರ ಬೆಳಗಾಗುತ್ತಲೇ ಹೋದೆ. ಇಬ್ಬನಿ ಬಿದ್ದು ಹೊಟ್ಟೆಲ್ಲ ಒದ್ದೆಯಾಗಿತ್ತು, ಆದರೆ ಅಲ್ಲಲ್ಲಿ ತಟ್ಟೆಯಗಲ ಒಣಗಿತ್ತು. ಹಿಂದೆ ಸುರಿದ ಬಿಸಿ ಬೂದಿಯ ಕೆಂಡ ಅಲ್ಲಿ ಒಳಗೇ ಹಬ್ಬಿಕೊಂಡು ಬಂದಿದೆ. ಬಿಸಿಲೇರಿದರೆ ಎಲ್ಲವೂ ಒಂದೇ ಬಣ್ಣ. ಆಮೇಲೆ ಗುರುತು ಹೇಳುವುದು ಬೆಳಗಿನಲ್ಲೇ ಅವಳು ಅಲ್ಲಿ ನೆಟ್ಟ ಕಡ್ಡಿಗಳೇ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ದಿನಾ ನೋಡಿ ನೋಡಿ ಕಂಡುಕೊಂಡಿದ್ದಳು. ತಿಂಗಳಿಂದ ಅವಳ ಗುಂಪಿನಲ್ಲಿ ಒಬ್ಬರ ಉಗುರೂ ಸುಟ್ಟಿರಲಿಲ್ಲ.

ಭಾವ ಮಂಚದಿಂದಲೇ ಹೇಳಿ ಕಳಿಸಿದರು: “ದ್ಯಾಮಕ್ಕ ಹೇಳೋ ತನಕ ಯಾರೂ ಇಳೀಬಾರದು. ನಾನೂ ಸೇರಿ.” ಆ ದಿನವಿಡೀ ನಾನು ಬಾವಿಯಿಂದ ನೀರು ಹೊತ್ತೆ. ಅವಳು ತೋರಿಸಿದ ಕಡೆ ಸುರಿದು, ಹೊಗೆ ಅಡಗಿದ ಮೇಲೆ ಬದಿಯಿಂದ ಕೆದರಿ ಗಾಡಿ ತುಂಬಿದೆವು. “ಮೇಷ್ಟ್ರು ಅರ್ಧ ಕೊಡ ಪಂಚೆಗೇ ಹುಯ್ಕೊಂಡ್ರು,” ಎಂದು ಗುಂಪಿನ ಹೆಂಗಸರು ನಕ್ಕರು. ಸಂಜೆ ಹೊತ್ತಿಗೆ ಗುದ್ದಲಿಗೆ ಮಣ್ಣು ತಾಗಿತು.

ಸೋಮವಾರ ಪಂಚಾಯಿತಿ ಅಧ್ಯಕ್ಷರು ಬಂದು ತಗ್ಗಿನ ಅಂಚಿನಲ್ಲಿ ನಿಂತರು. “ಇಳಿದು ನೋಡಬಹುದೇನ್ರೀ?” ಎಂದು ಭಾವನನ್ನು ಕೇಳಿದರು. ಕೋಲೂರಿ ನಿಂತಿದ್ದ ಭಾವ ದ್ಯಾಮಕ್ಕನ ಕಡೆ ನೋಡಿದರು. ಅವಳು ತಾನೇ ಮೊದಲು ಇಳಿದು, ಬರಿಗಾಲಲ್ಲಿ ಈ ಮೂಲೆಯಿಂದ ಆ ಮೂಲೆಗೆ ನಡೆದು ತೋರಿಸಿದಳು. “ಬನ್ನಿ. ತಣ್ಣಗಿದೆ.”

ಅಧ್ಯಕ್ಷರು ಇಳಿದರು. ಗಿರಣಿ ನಡೆಯಲಿ ಎಂದರು.

ನಾನು ಊರಿಗೆ ಹೊರಟ ಮಧ್ಯಾಹ್ನದ ಬಸ್ಸು ಗಿರಣಿಯ ಬದಿಯಿಂದಲೇ ಹಾದುಹೋಯಿತು. ಹಿತ್ತಲಲ್ಲಿ ದ್ಯಾಮಕ್ಕ ಗಾಡಿಯವರಿಗೆ ಏನೋ ಜೋರು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತವರನ್ನು ಕರೆದು, “ಅಲ್ಲಿ ನೋಡಿ, ಆ ಹೆಂಗಸು” ಎಂದು, ನಾನು ಕಡ್ಡಿ ಕಿತ್ತದ್ದರಿಂದ ಹಿಡಿದು ಎಲ್ಲವನ್ನೂ ಹೇಳತೊಡಗಿದೆ.