ಹಿಂದಿನ ಸೀಟಿನವರನ್ನು ಕೇಳಿದ ಮೇಸ್ತ್ರಿ

ಪೂರ್ವಿ, ಚಿನ್ಮಯ, ಮೊನ್ನೆ ನಾನು ಕೊಪ್ಪಕ್ಕೆ ಹೊರಟಿದ್ದ ಬಸ್ಸು ಅರ್ಧ ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತು. ಚಕ್ರ ಬಿಚ್ಚುವಾಗ ಕಿಟಕಿಯ ಪಕ್ಕ ಕೂತಿದ್ದ ನನಗೆ ಗ್ರೀಸು, ಸೀಮೆಎಣ್ಣೆ, ಕಾದ ಕಬ್ಬಿಣ ಎಲ್ಲ ಕಲೆತ ವಾಸನೆ ಬಂತು. ಉಳಿದವರು ಹೊತ್ತಾಯಿತೆಂದು ಗೊಣಗುತ್ತಿದ್ದರು. ನನಗೆ ಕೊಪ್ಪದ ಮೇಸ್ತ್ರಿ ನೆನಪಾದರು...

ಮೇಸ್ತ್ರಿ ಎಂದರೆ ಮನೆ ಕಟ್ಟುವವರಲ್ಲ. ಕಾರು, ಜೀಪು ರಿಪೇರಿ ಮಾಡುವವರನ್ನೂ ನಾವು ಹಾಗೇ ಕರೆಯುತ್ತಿದ್ದೆವು. ಅವರ ಗ್ಯಾರೇಜು ಎಂದರೆ ನಾಲ್ಕು ಕಂಬ, ತಗಡಿನ ಮಾಡು, ಒಂದು ಮರದ ಬೆಂಚು. ಯಾವ ಗಾಡಿ ಬಂದರೂ ಅವರು ಮೊದಲು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಕೂತು, ಬಂದವರ ಮಾತು ಕೇಳುತ್ತಿದ್ದರು.

ಪೂರ್ವಿ, ಆಗ ನೀನು ನಿನ್ನ ಅಮ್ಮನ ಹೊಟ್ಟೆಯಲ್ಲಿದ್ದೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಆಗುಂಬೆ ಘಾಟಿಯ ಕೆಳಗಿನ ಅತ್ತೆಮನೆಯಲ್ಲಿ ಅವಳ ಸೀಮಂತ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಅವಳನ್ನು ನಮ್ಮೂರು ಸೀತೂರಿಗೆ ಕರೆತರಲು ನಾನೂ ನಿಮ್ಮ ಅಜ್ಜನೂ ನಮ್ಮ ಹಳೆಯ ಬಿಳಿ ಕಾರಿನಲ್ಲಿ ಹೊರಟಿದ್ದೆವು. ಆ ಕಾರಿನ ಹಿಂದಿನ ಚಕ್ರದ ಕಡೆಯಿಂದ ದೀಪಾವಳಿ ಕಳೆದಾಗಿನಿಂದ ಟಕ್ ಟಕ್ ಎಂಬ ಶಬ್ದ ಬರುತ್ತಿತ್ತು. ಎನ್.ಆರ್. ಪುರದಲ್ಲಿ ಒಬ್ಬರು ಶಾಕ್ ಅಬ್ಸಾರ್ಬರ್ ಬದಲಾಯಿಸಿ ಕೊಟ್ಟಿದ್ದರು. ಶಬ್ದ ಮಾತ್ರ ಹೋಗಿರಲಿಲ್ಲ.

"ಶಬ್ದ ಮಾಡದ ಕಾರು ಶೋರೂಮಲ್ಲಿ ಮಾತ್ರ ಇರೋದು ಮಾರಾಯ್ತಿ" ಎಂದು ನಿಮ್ಮ ಅಜ್ಜ ನಕ್ಕಿದ್ದರು. ಆದರೆ ವಾಪಸು ಬರುವಾಗ ತುಂಬು ಬಸುರಿಯನ್ನು ಕೂರಿಸಿಕೊಂಡು ಆ ಘಾಟಿ ಹತ್ತಬೇಕಿತ್ತು. ಕೊಪ್ಪ ಹತ್ತಿರವಾದಾಗ ನಾನು ಗಟ್ಟಿ ಮನಸ್ಸು ಮಾಡಿ, "ಮೇಸ್ತ್ರಿಗೆ ಒಂದ್ಸಲ ತೋರ್ಸಿ" ಎಂದೆ. ಅವರು ಕಾರನ್ನು ಗ್ಯಾರೇಜಿನ ಕಡೆ ತಿರುಗಿಸಿದರು.

ಗ್ಯಾರೇಜಿನಲ್ಲಿ ನಾನು ಬೆಂಚಿನ ತುದಿಯಲ್ಲಿ ಸೆರಗು ಎಳೆದುಕೊಂಡು ಕೂತೆ. ನಿಮ್ಮ ಅಜ್ಜ ವಿವರಿಸಿದರು. "ಗುಂಡಿಗೆ ಬಿದ್ರೆ ಟಕ್ ಅಂತದೆ, ಅಷ್ಟೆ."

"ಗೌಡ್ರೆ, ನೀವು ಮುಂದೆ ಕೂರೋರು. ನಿಮಗೆ ಕೇಳೋದು ಇಂಜಿನ್ನು, ಬಿಟ್ರೆ ನಿಮ್ಮದೇ ಮಾತು. ಹಿಂದೆ ಯಾರು ಕೂರ್ತಾರೆ?"

ಮುಂದಿನ ಸೀಟು ಖಾಲಿ ಇದ್ದರೂ ಹೆಂಗಸರು ಹಿಂದೆ ಕೂರುವುದು ನಮ್ಮಲ್ಲಿ ರೂಢಿ. ಮೇಸ್ತ್ರಿ ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ಹೇಳಿ. ಎಂತ ಕೇಳ್ತದೆ?"

ಏಳನೇ ಕ್ಲಾಸಿನವರೆಗೆ ಓದಿದ ನನ್ನನ್ನು ಕಾರಿನ ವಿಷಯ ಯಾರೂ ಕೇಳಿರಲಿಲ್ಲ. ಆದರೆ ಶಬ್ದ ನನಗೆ ಗೊತ್ತಿತ್ತು. ಬೆರಳ ಗೆಣ್ಣಿನಿಂದ ಬೆಂಚಿನ ಮೇಲೆ ಬಡಿದು ತೋರಿಸಿದೆ. ನಿಧಾನ ಹೋಗುವಾಗ ಹೀಗೆ... ಟಕ್, ಟಕ್. ಜೋರಾದರೆ ಹೀಗೆ, ಟಕಟಕ. ಬ್ರೇಕು ಹಾಕಿದರೆ ಒಂದೇ ದೊಡ್ಡ ಏಟು.

"ಒಳ್ಳೆ ರಸ್ತೆಯಲ್ಲೂ?"

ಹೌದೆಂದು ತಲೆಯಾಡಿಸಿದೆ. ಎಡಗಡೆ ಎಂದು ಕೈ ತೋರಿಸಿದೆ.

"ಹಾಗಾದ್ರೆ ಶಾಕ್ ಅಬ್ಸಾರ್ಬರ್ ಪಾಪ ಎಂತ ಮಾಡ್ತದೆ? ಗುಂಡಿ ಇಲ್ಲದೆ ಬಡೀತದೆ ಅಂದ್ರೆ ಅದು ತಿರುಗೋ ವಸ್ತು ಗೌಡ್ರೆ" ಎಂದು ಅವರು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಚಕ್ರದ ಮುಚ್ಚಳ ಬಿದ್ದುಹೋಗದಿರಲೆಂದು ನಿಮ್ಮ ಅಜ್ಜ ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಅದನ್ನು ಬಿಚ್ಚಿ ನೋಡುವ ಗೋಜಿಗೆ ಅದುವರೆಗೆ ಯಾರೂ ಹೋಗಿರಲಿಲ್ಲ. ಮೇಸ್ತ್ರಿ ತಂತಿ ಕತ್ತರಿಸಿ ಮುಚ್ಚಳ ತೆಗೆದರು. ಒಂದು ನಟ್ಟಿಗೆ ಬೆರಳು ಹಾಕಿದರು. ಸ್ಪ್ಯಾನರೇ ಬೇಕಾಗಲಿಲ್ಲ, ಅದು ಬೆರಳಲ್ಲೇ ತಿರುಗಿತು.

ನಿಮ್ಮ ಅಜ್ಜ ಬಗ್ಗಿ ನೋಡಿದರು. "ನಾನೇ ಬಿಗಿ ಮಾಡಿದ್ದಲ್ಲನಾ!"

ಚಕ್ರ ಕಳಚಿದಾಗ ಅದರ ಒಳಮೈಯಲ್ಲಿ ಬೆಳ್ಳಿ ಬಣ್ಣ ತುಂಡುತುಂಡಾಗಿ ಎದ್ದಿತ್ತು. "ಈ ಬೆಳ್ಳಿ ಕವಚ ತೊಡಿಸಿದ ಭಕ್ತರು ಯಾರು?" ಎಂದರು ಮೇಸ್ತ್ರಿ.

ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ನಾನೇ "ನಾನು" ಎಂದೆ.

ಆಯುಧಪೂಜೆಗೆ ಕಾರು ತೊಳೆದು ಚಕ್ರಕ್ಕೆ ಬಣ್ಣ ಬಳಿಯುವ ಕೆಲಸ ನನ್ನದಾಗಿತ್ತು. ಆ ವರ್ಷ ಈ ಚಕ್ರವನ್ನು ಪಂಕ್ಚರಿಗೆ ಬಿಚ್ಚಿದ್ದರು. ಸಿಕ್ಕಿದ್ದೇ ಒಳ್ಳೆಯದೆಂದು ನಾನು ಹೊರಗೆ, ಒಳಗೆ, ನಟ್ಟು ಕೂರುವ ತೂತಿನ ಅಂಚಿಗೂ ಎರಡೆರಡು ಸಲ ದಪ್ಪಗೆ ಬಳಿದಿದ್ದೆ. ಪೂಜೆಯ ಹೊತ್ತಾಯಿತೆಂದು ಬಣ್ಣ ಹಸಿಯಿರುವಾಗಲೇ ಅವರು ನಟ್ಟು ಬಿಗಿದಿದ್ದರು. ಬಿಗಿಯಾದದ್ದು ಕಬ್ಬಿಣದ ಮೇಲಲ್ಲ, ಬಣ್ಣದ ಮೇಲೆ. ಓಡಾಡಿದಂತೆ ಬಣ್ಣ ಸವೆದು ಉದುರಿತು, ನಟ್ಟು ಸಡಿಲವಾಯಿತು.

"ಘಾಟಿಯ ಒಂದು ತಿರುವು ಸಾಕಿತ್ತು..." ಎಂದ ಮೇಸ್ತ್ರಿ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಮರುಕ್ಷಣವೇ ನಿಮ್ಮ ಅಜ್ಜನ ಕಡೆ ತಿರುಗಿ, "ಬಣ್ಣ ಬಳಿದೋರೂ ಅಮ್ಮ, ಶಬ್ದ ಹಿಡಿದೋರೂ ಅಮ್ಮ. ನೀವು ಎಂತ ಮಾಡಿದ್ದು ಮಾರಾಯ್ರೆ, ಸ್ಟೇರಿಂಗ್ ಹಿಡ್ಕೊಂಡು ಕೂತದ್ದಾ?" ಎಂದರು. ನಿಮ್ಮ ಅಜ್ಜನೂ ನಕ್ಕುಬಿಟ್ಟರು.

ತೂತುಗಳು ಸವೆದಿದ್ದರಿಂದ ಆ ಚಕ್ರ ಬಿಟ್ಟು ಸ್ಟೆಪ್ನಿ ಹಾಕಿದರು. ಅದು ಕೂರುವ ಜಾಗದಲ್ಲಿ ಅಂಟಿದ್ದ ಬಣ್ಣವನ್ನೆಲ್ಲ ಕೆರೆದು ತೆಗೆದರು. ಉಳಿದ ಮೂರು ಚಕ್ರಗಳನ್ನೂ ನೋಡಿದರು. ಹೊರಡುವಾಗ ನಮ್ಮ ಕಾರಿನ ಸ್ಪ್ಯಾನರನ್ನು ಅಜ್ಜನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟು, "ಶೃಂಗೇರಿಲಿ ನಿಲ್ಲಿಸಿ ಇನ್ನೊಂದ್ಸಲ ಬಿಗಿ ಮಾಡ್ಸಿ. ನೀವು ಎದುರಿಗೇ ನಿಂತ್ಕೊಳ್ಳಿ" ಎಂದರು. ಶೃಂಗೇರಿಯವರೆಗೆ ಅದು ನನ್ನ ಮಡಿಲಲ್ಲೇ ಇತ್ತು. ಅಲ್ಲಿ ಒಂದು ಲಾಡ್ಜಿನ ಮುಂದೆ, ಯಾತ್ರಿಕರು ನೋಡುತ್ತಿದ್ದರೂ ನಾಚದೆ ನಿಂತು ಒಂದೊಂದೇ ನಟ್ಟು ಬಿಗಿ ಮಾಡಿಸಿದೆ. ಎರಡು ನಟ್ಟು ಇನ್ನೂ ಕಾಲು ಸುತ್ತು ತಿರುಗಿದವು.

ಸಂಜೆಯೊಳಗೆ ನಿಮ್ಮ ಅಮ್ಮ ನನ್ನ ಭುಜಕ್ಕೆ ಒರಗಿ, ಘಾಟಿಯ ಎಲ್ಲ ತಿರುವುಗಳಲ್ಲೂ ನಿದ್ದೆ ಮಾಡುತ್ತ ಮೇಲೆ ಬಂದಳು.

ಆಮೇಲೆ ಯಾವಾಗ ಹೋದರೂ ಮೇಸ್ತ್ರಿ ಮೊದಲು ಕೇಳುತ್ತಿದ್ದುದು, "ಅಮ್ಮ ಎಂತ ಹೇಳ್ತಾರೆ?" ಎಂದೇ. ಕಾರಿನ ವಿಷಯದಲ್ಲಿ ನಿಮ್ಮ ಅಜ್ಜನೂ ನನ್ನನ್ನು ಕೇಳತೊಡಗಿದರು. ಕೇಳಿದರೆ ಹೇಳಲು ನನಗೆ ಬರುತ್ತದೆ ಎಂದು ನನಗೂ ಆಗಲೇ ಗೊತ್ತಾದದ್ದು.

ನಿಮ್ಮ ಅಜ್ಜ ಹೋದ ಮರುವರ್ಷ ಮೇಸ್ತ್ರಿಯೂ ಹೋದರು. ಅವರ ಹೆಂಡತಿಯನ್ನು ಕಂಡು ಈ ಸಂಗತಿ ಹೇಳಿ ಬರಬೇಕಿತ್ತು. ಗುರುತಿಲ್ಲದ ಮನೆಯ ಮೆಟ್ಟಿಲು ಹತ್ತಲು ಹಿಂಜರಿದೆ, ಹೋಗಲಿಲ್ಲ... ಮೊನ್ನೆ ಬಸ್ಸು ಕೊಪ್ಪ ಮುಟ್ಟಿದ ಮೇಲೆ ವಿಚಾರಿಸಿದೆ. ಆ ಮನೆಯವರು ಊರು ಬಿಟ್ಟು ಐದಾರು ವರ್ಷವಾಯಿತಂತೆ.

ಹೆದರಬಾರದೆಂದು ನಿಮ್ಮ ಅಮ್ಮನಿಗೆ ನಾವು ಇದನ್ನು ಹೇಳಿರಲಿಲ್ಲ. ದಾರಿಯಲ್ಲಿ ಕಾಫಿ ಕುಡಿದು ತಡವಾಯಿತು ಎಂದಷ್ಟೇ ಅವಳಿಗೆ ಗೊತ್ತು. ಆ ಬೆಳಿಗ್ಗೆ ಎಂಥ ಅಪಾಯ ತಪ್ಪಿತೆಂದು ತಿಳಿದಿದ್ದವರು ಮೂವರು. ಈಗ ನಾನೊಬ್ಬಳೇ. ಇದನ್ನು ಅವಳಿಗೆ ಓದಿ ಹೇಳಿ, ಮಕ್ಕಳೇ. ಆಮೇಲೆ ಈ ಹಾಳೆಗಳನ್ನು ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಗಟ್ಟಿ ಮಾಡಿ ಇಡಿ.