ಗುಡ್ಡಮ್ಮನ ಸಾಯದ ಗಂಡ

ಉಡುತಡಿಯ ಗುಡ್ಡಮ್ಮನನ್ನು ನಿನ್ನ ಗಂಡ ಯಾರೇ ಎಂದು ಯಾರಾದರೂ ಕೇಳಿದರೆ ಆಕೆ ಕೊರಳಿಗೆ ಕೈಹಾಕಿ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಹಿಡಿದು ತೋರಿಸುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಆಕೆ ನಗುತ್ತಿರಲಿಲ್ಲ. "ನಿಮ್ಮ ಗಂಡಂದಿರು ಸಂತೆಗೆ ಅಂತ ಹೋಗಿ ಇಸ್ಪೀಟಾಡಿ ಬರ್ತಾರೆ. ನನ್ನೋನು ನನ್ನ ಬಿಟ್ಟು ಎಲ್ಲಿಗೂ ಹೋಗೋನಲ್ಲ" ಎಂದು ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸಿ ಹಾಲು ಕರೆಯಲು ಕೂರುತ್ತಿದ್ದಳು. ಇಷ್ಟು ಗಟ್ಟಿಯಾಗಿ ಮಾತಾಡುವ ಹೆಂಗಸನ್ನು ಊರು ತಮಾಷೆ ಮಾಡಬಹುದು, ತಳ್ಳಿಹಾಕುವುದು ಕಷ್ಟ.

ಈ ಮದುವೆ ಮಾಡಿಸಿದವರು ಮಠದ ಹಿರಿಯ ಸ್ವಾಮಿಗಳು. ಗುಡ್ಡಮ್ಮ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಸೊರಬದ ಕಡೆಯ ಹುಡುಗನೊಬ್ಬನಿಗೆ ಆಕೆಯನ್ನು ಗೊತ್ತುಮಾಡಿದ್ದರು. ಮೈಗೆ ಅರಿಶಿನ ಹಚ್ಚಿ ಆಗಿತ್ತು, ಚಪ್ಪರ ಎದ್ದಿತ್ತು, ಮದುವೆಯ ಹಿಂದಿನ ದಿನ ಹುಡುಗ ಹಾವು ಕಚ್ಚಿ ತೀರಿಕೊಂಡ. ಅರಿಶಿನ ಬಿದ್ದ ಮೇಲೆ ಅರ್ಧ ಮದುವೆ ಆದಂತೆಯೇ, ಬಳೆ ಒಡೆಯಬೇಕು ಎಂದು ಕೆಲವರು. ತಾಳಿಯನ್ನೇ ಕಟ್ಟಿಲ್ಲ, ಒಡೆಯುವುದೇನು ಬಂತು ಎಂದು ಇನ್ನು ಕೆಲವರು. ಈ ಜಗಳದ ನಡುವೆ ಹಿರಿಯ ಸ್ವಾಮಿಗಳು ಶಿಕಾರಿಪುರದಿಂದ ನಡೆದುಕೊಂಡೇ ಬಂದರು. ಅಳುತ್ತಿದ್ದ ಹುಡುಗಿಯ ಎಡಗೈ ಬಿಡಿಸಿ, ಅಂಗೈ ಮೇಲೆ ಲಿಂಗವನ್ನಿಟ್ಟು, "ಇವಳ ಗಂಡ ಇವನು. ಇವನು ಸಾಯೋನಲ್ಲ. ಬಳೆ ಒಡೆಯೋರು ಮೊದಲು ಇವನನ್ನ ಕೇಳಿ ಒಡೀರಿ" ಅಂದರು. ಯಾರೂ ಕೇಳಲಿಲ್ಲ, ಯಾರೂ ಒಡೆಯಲಿಲ್ಲ.

ಶರಣರ ಹಾಡುಗಳಿಗೆ ಆ ಸ್ವಾಮಿಗಳು ಹೇಳುತ್ತಿದ್ದ ಅರ್ಥವೇ ಅದು. ಶಿವ ಗಂಡ, ಜೀವ ಹೆಂಡತಿ. ಅವನು ಬರುತ್ತಾನೆ, ಇವಳು ಕಾಯಬೇಕು. ಹಾಗೆ ನೋಡಿದರೆ ಊರಿನ ಮೀಸೆ ಹೊತ್ತ ಗಂಡಸರೂ ಅವನ ಹೆಂಡಿರೇ. ಆದರೆ ಬೇರೆಯವರು ಆ ಮಾತನ್ನು ಸೋಮವಾರದ ಭಜನೆ ಮುಗಿದ ಕೂಡಲೇ ಮಠದಲ್ಲೇ ಬಿಟ್ಟು ಎದ್ದು ಬರುತ್ತಿದ್ದರು. ಗುಡ್ಡಮ್ಮ ಮನೆಗೂ ತಂದಳು, ಅದರ ಜೊತೆಯೇ ಬಾಳಿದಳು. ಬೇರೆ ಗಂಡು ನೋಡೋಣ ಎಂದ ಅಪ್ಪನಿಗೆ, ಒಬ್ಬ ಇರುವಾಗ ಇನ್ನೊಬ್ಬನೇಕೆ ಎಂದು ಬಾಯಿ ಮುಚ್ಚಿಸಿದಳು.

ವರ್ಷಗಳು ಕಳೆದಂತೆ ಇದರಿಂದ ಒಂದು ಮರ್ಯಾದೆಯೂ ಹುಟ್ಟಿತು. ಆ ಕಡೆ ಮದುವೆ ಶುರುವಾಗುವುದು ಅರಿಶಿನ ಕುಟ್ಟುವುದರಿಂದ. ಒರಳಿಗೆ ಪೂಜೆ ಮಾಡಿ, ಒನಕೆಗೆ ಅರಿಶಿನದ ಕೊಂಬು ಕಟ್ಟಿ, ಮುತ್ತೈದೆಯರು ಹಾಡು ಹೇಳುತ್ತಾ ಕುಟ್ಟುತ್ತಾರೆ. ಮೊದಲ ಏಟು ಹಾಕುವವಳ ಮುತ್ತೈದೆತನ ಮದುಮಗಳಿಗೆ ಬರುತ್ತದೆ ಎಂದು ನಂಬಿಕೆ. ಗಂಡನೇ ಸಾಯದ ಹೆಂಗಸಿಗಿಂತ ಒಳ್ಳೆಯ ಮುತ್ತೈದೆ ಎಲ್ಲಿ ಸಿಕ್ಕಾಳು? ಶಿಕಾರಿಪುರದಿಂದ ಸೊರಬದವರೆಗೆ ಗುಡ್ಡಮ್ಮನಿಗೆ ಬಂಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಆಕೆಯೂ ಕೈತುಂಬ ಹಸಿರು ಬಳೆ ತೊಟ್ಟು, ಕಾಸಗಲ ಕುಂಕುಮವಿಟ್ಟು, ಎದೆಯುಬ್ಬಿಸಿಕೊಂಡೇ ಹೋಗುತ್ತಿದ್ದಳು.

ಅದೇ ಮನೆಯಲ್ಲಿ ವರದಮ್ಮ ಇದ್ದಳು, ಗುಡ್ಡಮ್ಮನ ತಮ್ಮ ಉಚ್ಚಂಗಪ್ಪನ ಹೆಂಡತಿ. ಉಚ್ಚಂಗಪ್ಪ ಜ್ವರ ಬಂದು ತೀರಿಕೊಂಡ ಮೇಲೆ ವರದಮ್ಮನ ಕೈ ಬರಿದಾಯಿತು, ಹಣೆ ಬರಿದಾಯಿತು. ನಾದಿನಿಗೆ ಬಂಡಿ ಬಂದಾಗ ಹೋಳಿಗೆ ಕಟ್ಟಿ ಕಳಿಸುವುದು, ಬರುವಷ್ಟರಲ್ಲಿ ನೀರು ಕಾಯಿಸಿಡುವುದು ಅವಳ ಪಾಲಿಗೆ ಬಂದ ಕೆಲಸ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಅನ್ಯೋನ್ಯ. ಒಬ್ಬಳು ಹೊರಡುವಾಗ ಇನ್ನೊಬ್ಬಳು ಎದುರು ಬರಬಾರದು ಎಂಬುದನ್ನು ಮಾತ್ರ ಇಬ್ಬರೂ ಮಾತಿಲ್ಲದೆ ಪಾಲಿಸುತ್ತಿದ್ದರು.

ರಾಜ್ಯ ಒಂದಾದ ಮರುವರ್ಷ ಮಠಕ್ಕೆ ಹೊಸ ಸ್ವಾಮಿಗಳು ಬಂದರು. ಹಿರಿಯರು ಆಗಲೇ ಲಿಂಗೈಕ್ಯರಾಗಿದ್ದರು. ಇವರು ಚಿಕ್ಕ ವಯಸ್ಸಿನವರು, ಹುಬ್ಬಳ್ಳಿ ಕಡೆ ವೇದಾಂತ ಓದಿಕೊಂಡವರು. ಶ್ರಾವಣದಲ್ಲಿ ಶಿಕಾರಿಪುರದಲ್ಲೂ ಸೊರಬದಲ್ಲೂ ಪ್ರವಚನ ಇಟ್ಟುಕೊಂಡರು. ಹಾಡುಗಳು ಅವೇ, ಅರ್ಥ ಬೇರೆ. "ಗಂಡ ಹೆಂಡತಿ ಅನ್ನೋ ಮಾತು ಬಸ್ಸಿದ್ದ ಹಾಗೆ" ಎಂದರು ಒಂದು ಸಂಜೆ. "ಸೊರಬದಿಂದ ಬಸ್ ಹತ್ತಿದಿರಿ. ಶಿಕಾರಿಪುರ ಬಂತು. ಇಳಿಯೋದಿಲ್ಲ ಅಂತ ಕೂತರೆ ಕಂಡಕ್ಟರು ಬಿಡ್ತಾನಾ? ಊರು ಸೇರಿದ ಮೇಲೆ ಶಿವ ಬೇರೆ, ನಾನು ಬೇರೆ ಅನ್ನೋದಿಲ್ಲ. ಅಲ್ಲಿ ಎರಡಿಲ್ಲ." ಗುಡ್ಡಮ್ಮ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದಳು. ಆ ಮಾತು ತನ್ನ ಬುಡಕ್ಕೇ ಬರುತ್ತದೆಂದು ಆಕೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಮಾಘದಲ್ಲಿ. ವರದಮ್ಮನ ಮಗಳು ಲೋಕಮ್ಮನಿಗೆ ಸೊರಬದಲ್ಲಿ ಗಂಡು ಗೊತ್ತಾಗಿತ್ತು. ಹುಡುಗಿಯ ಸೋದರಮಾವ ಧರ್ಮಪ್ಪ ಬೀಗರ ಮನೆಗೆ ಹೋಗಿ ಬಂದವನು, ಜಗಲಿಯ ಮೇಲೆ ಕೂತು ಕೊಟ್ಟ ಮಜ್ಜಿಗೆಯನ್ನು ಕುಡಿಯಲೂ ಆರದೆ ಇಡಲೂ ಆರದೆ ಒದ್ದಾಡುತ್ತಿದ್ದ.

"ಏನಾತು, ಬಾಯಿ ಬಿಡು ಮಾರಾಯ" ಎಂದಳು ಗುಡ್ಡಮ್ಮ.

"ಗಂಡಿನ ತಾಯಿ ಬಸಕ್ಕ ಒಂದು ಮಾತು ಹೇಳಿದಾರೆ ಅಕ್ಕ. ಮೊದಲನೇ ಏಟು ಬೇರೆಯವರ ಕೈಲಿ ಹಾಕಿಸ್ರೀ ಅಂತ."

"ಯಾಕಂತೆ?"

ಧರ್ಮಪ್ಪ ಲೋಟದೊಳಗೆ ನೋಡುತ್ತಲೇ ಹೇಳಿದ. "ಸ್ವಾಮಿಗಳೇ ಎರಡಿಲ್ಲ ಅಂದಿದಾರಂತೆ. ಗಂಡ ಅನ್ನೋದೇ ಇಲ್ಲ ಅಂದ ಮೇಲೆ ಗುಡ್ಡಮ್ಮ ಹೆಂಗ್ರೀ ಮುತ್ತೈದೆ ಆಗ್ತಾರೆ ಅಂತಾರೆ. ಹಂಗಾದ್ರೆ ಅವರ ಗಂಡ ಸತ್ತುಹೋದ ಆ ಅರಿಶಿನದ ಹುಡುಗನೇ ತಾನೇ ಅಂತಾನೂ ಅಂದ್ರು."

ಧರ್ಮಪ್ಪ ಮಜ್ಜಿಗೆ ಅಲ್ಲೇ ಬಿಟ್ಟು ಎದ್ದುಹೋದ. ಇಷ್ಟು ವರ್ಷ ಆದಮೇಲೆ, ಕೂದಲು ಬೆಳ್ಳಗಾದ ಮೇಲೆ, ತನ್ನನ್ನು ವಿಧವೆ ಮಾಡಲು ಹೊರಟಿದ್ದಾರಲ್ಲ ಎಂದು ಗುಡ್ಡಮ್ಮ ಸಿಟ್ಟಿನಿಂದ ಕುದಿದಳು. ಅದೂ ತಾನು ಎತ್ತಿ ಆಡಿಸಿದ ಹುಡುಗಿಯ ಮದುವೆಯಲ್ಲಿ.

ಮರುದಿನ ಬೆಳಗ್ಗೆ ಮಠಕ್ಕೆ ಹೋದಳು. ಸ್ವಾಮಿಗಳು ಪೂಜೆ ಮುಗಿಸಿ ಕೂತಿದ್ದರು. ಅಡ್ಡಬಿದ್ದು ಎದ್ದವಳೇ, "ಬುದ್ಧೀ, ನನ್ನ ಗಂಡನ್ನ ಎಲ್ಲಿಗೆ ಕಳಿಸಿದ್ರಿ?" ಅಂದಳು.

ಸ್ವಾಮಿಗಳು ತಬ್ಬಿಬ್ಬಾದರು. ಆಕೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಅವರಿಗೆ ನಗು ಬಂತು, ಆಕೆಯ ಮುಖ ನೋಡಿ ನುಂಗಿಕೊಂಡರು. "ನಾನು ಗಂಡ ಇಲ್ಲ ಅನ್ನಲಿಲ್ಲ ತಾಯಿ. ಇಂದೇ ಸೊರಬಕ್ಕೆ ಹೇಳಿ ಕಳಿಸ್ತೀನಿ. ಹಿರಿಯ ಗುರುಗಳು ನಿಮಗೆ ಕೊಟ್ಟ ಮುತ್ತೈದೆತನವನ್ನ ಯಾರೂ ಕಿತ್ತುಕೊಳ್ಳೋ ಹಾಗಿಲ್ಲ."

ಅಷ್ಟೇ ಆಕೆಗೆ ಬೇಕಾಗಿದ್ದದ್ದು. ಎದೆಯ ಭಾರ ಇಳಿಯಿತು. ಹೊರಡಲು ಎದ್ದಾಗ ಸ್ವಾಮಿಗಳು ಸುಮ್ಮನೆ ಮಾತಿಗೆ ಎಂಬಂತೆ ಕೇಳಿದರು. "ಮದುಮಗಳ ತಾಯಿ ಆ ಹೊತ್ತಿಗೆ ಎಲ್ಲಿರ್ತಾರೆ?"

"ವರದಾನಾ? ಒಳಗಿರ್ತಾಳೆ ಬುದ್ಧಿ. ಅವಳ ಗಂಡ ಸತ್ತಿದಾನಲ್ಲ."

"ಅವರ ಕೊರಳಲ್ಲಿ ಲಿಂಗ ಇಲ್ವಾ?"

"ಅಯ್ಯೋ, ಇಲ್ದೆ ಏನು. ಎಲ್ರ ಕೊರಳಲ್ಲೂ ಇರುತ್ತೆ."

"ನಿಮ್ಮದು ಬೇರೆ, ಅವರದು ಬೇರೆ ಏನು?" ಸ್ವಾಮಿಗಳ ದನಿಯಲ್ಲಿ ಪ್ರವಚನದ ಗತ್ತು ಇರಲಿಲ್ಲ. "ನಿಮ್ಮ ಕೊರಳಿನದು ಸಾಯೋದಿಲ್ಲ, ಅವರ ಕೊರಳಿನದು ಸಾಯುತ್ತೆ ಅಂತ ಭೇದ ಮಾಡೋದೇ ಎರಡು ಅನ್ನೋದು, ತಾಯಿ. ನಾನು ಇಲ್ಲ ಅಂದದ್ದು ಅದನ್ನ. ಹೋಗಲಿ, ಈಗ ಹೇಳಿ ಕಳಿಸಲೇನು?"

ಗುಡ್ಡಮ್ಮ ಹೂಂ ಅಂದರೆ ಮುಗಿದಿತ್ತು. ಆದರೆ ಆಕೆ, "ಬೇಡ ಬುದ್ಧಿ. ನಾನೇ ನೋಡ್ಕೋತೀನಿ" ಎಂದು ಹೊರಬಿದ್ದಳು.

ದಾರಿಯುದ್ದಕ್ಕೂ ಸ್ವಾಮಿಗಳನ್ನು ಬೈದುಕೊಂಡೇ ನಡೆದಳು, ಅವರು ಹೇಳಿದ್ದು ಸರಿಯಿತ್ತಲ್ಲ ಎಂಬ ಸಿಟ್ಟಿಗೆ. ತಮ್ಮ ಸತ್ತ ದಿನ ನೆನಪಾಯಿತು. ವರದಮ್ಮನ ಬಳೆ ಒಡೆಯುವಾಗ ಮುತ್ತೈದೆಯರು ನೋಡಬಾರದೆಂದು ಗುಡ್ಡಮ್ಮನನ್ನು ಹಿತ್ತಲಿಗೆ ಕಳಿಸಿದ್ದರು. ಆಕೆ ಹೋಗಿ ಬಣವೆಯ ಹಿಂದೆ ನಿಂತಿದ್ದಳು, ಗಾಜಿನ ಸದ್ದು ಅಲ್ಲಿಗೂ ಕೇಳಿತ್ತು. ತನ್ನ ಬಳೆಗೆ ಅಡ್ಡ ನಿಲ್ಲಲು ಒಬ್ಬ ಸ್ವಾಮಿ ನಡೆದು ಬಂದಿದ್ದರು. ವರದಳ ಬಳೆಗೆ ಅಡ್ಡ ಬರಲು ಯಾರೂ ಇರಲಿಲ್ಲ, ಮನೆಯಲ್ಲೇ ಇದ್ದ ತಾನೂ ಬರಲಿಲ್ಲ. ಗುಡ್ಡಮ್ಮನಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಹೊತ್ತು ಕೂರುವ ಜಾಯಮಾನ ಆಕೆಯದಲ್ಲ, ಮನೆ ಸೇರುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿಬಿಟ್ಟಿದ್ದಳು.

ವರದಮ್ಮ ಕೇಳಿದವಳೇ ಹೌಹಾರಿದಳು. "ಬೇಡ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಒಳಗೇ ಇರ್ತೀನಿ. ಬೀಗರು ಎದ್ದು ಹೋದ್ರೆ ಹುಡುಗಿ ಗತಿ ಏನು?"

"ಎದ್ದು ಹೋಗೋ ಹಂಗೆ ಕಂಡ್ರೆ ನಾನೇ ನಿನ್ನ ಕರ್ಕೊಂಡು ಒಳಗೆ ಬಂದು ಕೂತ್ಕೋತೀನಿ. ಇಬ್ರೂ ಒಲೆ ಮುಂದೆ ಇರೋಣ, ಮದುವೆ ಆಗ್ಲಿ. ನಿನ್ನೊಬ್ಬಳನ್ನೇ ಒಳಗೆ ಬಿಟ್ಟು ನಾನು ಹೊರಗೆ ನಿಲ್ಲೋದು ಮುಗೀತು ಕಣೆ."

ಅರಿಶಿನ ಕುಟ್ಟುವ ದಿನ ಸೊರಬದಿಂದ ಹೆಂಗಸರು ಬಂದರು. ಕುಟ್ಟಿದ ಅರಿಶಿನದಲ್ಲಿ ಅರ್ಧ ಗಂಡಿನ ಮನೆಗೆ ಹೋಗಬೇಕಾದ್ದರಿಂದ ಬಸಕ್ಕನೂ ಇದ್ದಳು. ದಪ್ಪ ಅಂಚಿನ ಸೀರೆ ಉಟ್ಟ ಗಂಭೀರ ಹೆಂಗಸು. ಪಡಸಾಲೆಯಲ್ಲಿ ಒರಳಿನ ಪೂಜೆ ಆಯಿತು. ಬಸಕ್ಕ ತನ್ನ ಕಡೆಯ ಮುತ್ತೈದೆಯೊಬ್ಬಳಿಗೆ ಮುಂದೆ ಬಾ ಎಂದು ಸನ್ನೆ ಮಾಡಿದಳು. ಅಷ್ಟರಲ್ಲಿ ಗುಡ್ಡಮ್ಮ ಒನಕೆ ಎತ್ತಿಕೊಂಡು ಸೀದಾ ಅಡುಗೆಮನೆಗೆ ಹೋದಳು. ಹೊರಗೆ ಬಂದಾಗ ಆಕೆಯ ಒಂದು ಕೈಯಲ್ಲಿ ಒನಕೆ, ಇನ್ನೊಂದು ಕೈಯಲ್ಲಿ ವರದಮ್ಮನ ರಟ್ಟೆ. ಹಾಡು ನಿಂತುಹೋಯಿತು. ಧರ್ಮಪ್ಪ ಮೆಲ್ಲನೆ ಕಂಬದ ಮರೆಗೆ ಸರಿದ.

"ಇದೇನ್ರೀ ಇದು?" ಎಂದಳು ಬಸಕ್ಕ.

"ನೀವು ಹೇಳಿ ಕಳಿಸಿದ್ದು ಸರಿ ಐತೆ ಬಸಕ್ಕಾರೆ. ಎರಡಿಲ್ಲ. ನಾನು ಒಪ್ಪಿದೆ. ನಾನು ಗಂಡ ಇಲ್ದೋಳಾದ್ರೆ ಇವಳೂ ಹಂಗೇ. ನಾನು ಮುತ್ತೈದೆ ಆದ್ರೆ ಇವಳೂ ಮುತ್ತೈದೆ. ಇಬ್ರ ಕೊರಳಲ್ಲಿ ಇರೋದು ಅದೇ. ಕುಟ್ಟಿದ್ರೆ ಇಬ್ರೂ ಕುಟ್ತೀವಿ. ಬೇಡ ಅಂದ್ರೆ ಇಬ್ರೂ ಒಳಗೆ ಹೋಗ್ತೀವಿ, ನಿಮ್ಮೋರು ಕುಟ್ಲಿ. ನಮಗೇನೂ ಬ್ಯಾಸರ ಇಲ್ಲ."

"ಸ್ವಾಮಿಗಳು ಹಿಂಗೆ ಮಾಡಿ ಅಂದ್ರನ?"

"ಅವರನ್ನ ಯಾಕೆ ಕೇಳೋದು? ಪ್ರವಚನ ನೀವೂ ಕೇಳಿದೀರಿ."

"ಕೇಳದೆ ಏನು. ಒಂದು ದಿನಾನೂ ತಪ್ಪಿಸಿಲ್ಲ" ಎಂದಳು ಬಸಕ್ಕ, ಸ್ವಲ್ಪ ಬಿಗುಮಾನದಿಂದಲೇ.

"ಮತ್ತೆ ನಾನೇನು ಬಿಡಿಸಿ ಹೇಳ್ಲಿ."

ಬಸಕ್ಕ ಎದ್ದು ನಿಂತಳು. ಮಣೆಯ ಮೇಲೆ ಕೂತ ಲೋಕಮ್ಮ ಅತ್ತೆಯಾಗುವವಳ ಕಡೆ ನೋಡಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು. ಹುಡುಗಿಯ ಕಣ್ಣಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಬಸಕ್ಕ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೂ ಹೆಣ್ಣುಮಕ್ಕಳಿದ್ದರು, ನಾಳೆ ಅವರ ಹಣೆಯಲ್ಲಿ ಏನು ಬರೆದಿದೆಯೋ ಅವಳಿಗೂ ಗೊತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು.

"ಕುಟ್ರಿ ಹಂಗಾರೆ. ಹೊತ್ತಾತು" ಅಂದಳು.

ಒನಕೆ ಒಂದೇ ಇತ್ತು. ಗುಡ್ಡಮ್ಮ ಮೇಲೆ ಹಿಡಿದಳು, ವರದಮ್ಮ ಕೆಳಗೆ ಹಿಡಿದಳು. ಮೊದಲ ಏಟು ಯಾರದೆಂದು ಹೇಳಲು ಯಾರಿಗೂ ಆಗುವಂತಿರಲಿಲ್ಲ. ಯಾರೋ ಹಿಂದಿನಿಂದ ಹಾಡು ಎತ್ತಿದರು, ಉಳಿದವರು ಸೇರಿಕೊಂಡರು.

ಅಂದಿನಿಂದ ಗುಡ್ಡಮ್ಮನಿಗೆ ಬಂಡಿ ಬರುವುದು ಕಡಿಮೆಯಾಯಿತು. ಕರೆದರೆ ಇಬ್ಬರನ್ನೂ ಕರೆಯಿರಿ ಎನ್ನುತ್ತಿದ್ದಳು, ಅಷ್ಟಕ್ಕೆ ಧೈರ್ಯವಿದ್ದ ಮನೆಗಳು ಕೆಲವೇ. ಬೇಜಾರಾಗಲ್ವಾ ಅಕ್ಕ ಎಂದು ವರದಮ್ಮ ಒಮ್ಮೆ ಕೇಳಿದಳು. "ಒಬ್ಬಳೇ ಏಟು ಹಾಕುವಾಗ ಇವತ್ತು ಯಾರಾದ್ರೂ ಏನಾದ್ರೂ ಅಂತಾರೇನೋ ಅಂತ ಪ್ರತಿ ಸಲ ಎದೆ ಹೊಡ್ಕೋತಿತ್ತು ಕಣೆ. ನಿಂಗೂ ಹೇಳಿರಲಿಲ್ಲ" ಎಂದಳು ಗುಡ್ಡಮ್ಮ.

ಆದರೆ ಅದು ಆಮೇಲಿನ ಮಾತು. ಆ ದಿನ ಕುಟ್ಟಿ ಮುಗಿಯುವಾಗ ವರದಮ್ಮನ ಕೈ ಮಣಿಕಟ್ಟಿನವರೆಗೆ ಹಳದಿಯಾಗಿತ್ತು. ಆಕೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ತೊಳೆದುಕೊಳ್ಳಲು ಹಂಡೆಯ ಕಡೆ ಹೊರಟಳು. ಲೋಕಮ್ಮ ಮಣೆಯಿಂದ ಎದ್ದುಬಂದು ಆ ಕೈಗಳನ್ನು ಹೊರಗೆಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಊಟಕ್ಕೆ ಎಲೆ ಹಾಕಿದಾಗ ವರದಮ್ಮ ಅದೇ ಕೈಯಲ್ಲಿ ಬಡಿಸಲು ಬಂದಳು. ಬಸಕ್ಕನ ಎಲೆಯ ಮುಂದೆ ಒಂದು ಗಳಿಗೆ ತಡೆದು ನಿಂತಳು. ಬಸಕ್ಕ ತಲೆಯೆತ್ತಿ, "ಹಾಕ್ರೀ ಬೀಗಿತ್ತಿ" ಅಂದಳು.