ಟಿ.ಸಿ. ಕೊಟ್ಟವರಿಗೆ ರಸಬಾಳೆ

ಮಾರ್ಕೆಟ್ಟಿನಲ್ಲಿ ರಸಬಾಳೆಯ ವಾಸನೆ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನಾಗ ಒಂಬತ್ತನೇ ಕ್ಲಾಸು. ಗಣಿತದಲ್ಲಿ ಫೇಲಾಗುತ್ತಿದ್ದೆ, ಸಾಲದ್ದಕ್ಕೆ ಟೀಚರಿಗೆ ಎದುರು ಮಾತಾಡುತ್ತಿದ್ದೆ. ಹೆಡ್‌ಮಾಸ್ಟರು ಅಪ್ಪನನ್ನು ಕರೆಸಿ ಬಹಳ ಮೆತ್ತಗೆ ಹೇಳಿದರು: "ನಾವೇ ತೆಗೆದುಹಾಕಿದ್ರೆ ಮಗಳ ಹೆಸರು ಕೆಡುತ್ತೆ ಕಣ್ರೀ. ನೀವೇ ಸ್ವಇಚ್ಛೆಯಿಂದ ಟಿ.ಸಿ. ಕೇಳ್ಬುಡಿ. ಬೇರೆ ಸ್ಕೂಲಿಗೆ ನಾನೇ ಹೇಳ್ತೀನಿ."

ಸ್ಕೂಲಿಗೆ ಹತ್ತನೇ ಕ್ಲಾಸಿನ ಫಲಿತಾಂಶ ನೂರಕ್ಕೆ ನೂರು ಬರಬೇಕಿತ್ತು. ಅದಕ್ಕೆ ನನ್ನಂಥವರು ಮೊದಲೇ ಹೊರಗಿರಬೇಕಿತ್ತು. ಆ ಮಾತನ್ನು ಮಾತ್ರ ಅವರು ಆಡಲಿಲ್ಲ.

ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಪ್ಪನಿಗೆ, ಉಪಕಾರ ಮಾಡಿದವರ ಮನೆಗೆ ಬರಿಗೈಲಿ ಹೋಗಿ ಗೊತ್ತಿರಲಿಲ್ಲ. ಮಾರನೇ ದಿನ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಒಂದು ಚಿಪ್ಪು ರಸಬಾಳೆ, ವೀಳ್ಯದೆಲೆ ಹಿಡಿದು, ಯಾದವಗಿರಿಯ ಅವರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದರು.

"ಕಾಲಿಗೆ ಬೀಳಮ್ಮ. ನಮ್ಮ ಮರ್ಯಾದೆ ಉಳಿಸ್ಬುಟ್ರು ಇವರು."

ನನ್ನನ್ನು ಹೊರಗೆ ತಳ್ಳಿದವರ ಕಾಲಿಗೆ ನಾನು ಬಿದ್ದೆ. ಅವರು ನಾಚಿಕೆಯಿಲ್ಲದೆ ಆಶೀರ್ವಾದವನ್ನೂ ಮಾಡಿದರು, ಹಣ್ಣನ್ನೂ ಒಳಗಿಟ್ಟುಕೊಂಡರು.

ಇವತ್ತು ಹಣ್ಣಿನಂಗಡಿಯಲ್ಲಿ ಪಕ್ಕದ ಮನೆಯ ಗೌರಮ್ಮ ರಸಬಾಳೆ ಆರಿಸುತ್ತಿದ್ದರು.

"ಮಗನ ಹೆಡ್‌ಮಿಸ್ಸಿಗೆ ಕಣಮ್ಮ. ಇವನನ್ನ ಬೇರೆ ಸ್ಕೂಲಿಗೆ ಸೇರಿಸೋಕೆ ಪಾಪ ಅವ್ರೇ ಮಾತಾಡಿದ್ರು. ನಾವು ಟಿ.ಸಿ. ಕೇಳಿ ಬರ್ಕೊಟ್ರೆ ಸಾಕಂತೆ."

"ಬರ್ಕೊಟ್ಬುಟ್ರಾ?"

"ಇಲ್ಲ, ನಾಳೆ."

ಅವರ ಕೈಯಲ್ಲಿದ್ದ ಚಿಪ್ಪನ್ನು ತೆಗೆದು ಅಂಗಡಿಯವನಿಗೆ ವಾಪಸ್ ಕೊಟ್ಟೆ.

"ನಾಳೆ ನಾನೂ ಬರ್ತೀನಿ. ಬರಿಗೈಲೇ ಹೋಗೋಣ."